ಒಂದೆಕರೆಗೆ ಎಷ್ಟು ಸೈಟು? ದಾವಣಗೆರೆಯಿಂದ ನೋಡಿದ ನಗರ ಯೋಜನೆ

ದಾವಣಗೆರೆಯಲ್ಲಿ ಸೈಟು ನೋಡಲು ಹೊರಟವರು ಮೊದಲು ಕೇಳುವುದು ಒಂದೇ ಮಾತು: "ದೂಡಾ ಅಪ್ರೂವಲ್ ಆಗೈತೇನ್ರೀ?" ದೂಡಾ ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಆಗಿದ್ದರೆ ಬ್ಯಾಂಕಿನಲ್ಲಿ ಸಾಲ ಹುಟ್ಟುತ್ತದೆ, ಖಾತೆ ಸಲೀಸು, ಮುಂದೆ ಮಾರುವಾಗಲೂ ತಕರಾರಿಲ್ಲ. ಆಗಿಲ್ಲದಿದ್ದರೆ ಅದು ರೆವಿನ್ಯೂ ಸೈಟು, ಬೆಲೆ ಕಮ್ಮಿ. ಬಹಳ ಜನರ ಪಾಲಿಗೆ ನಗರ ಯೋಜನೆ ಅಂದರೆ ಈ ಮೊಹರು, ಅದನ್ನು ಹಾಕಿಸಲು ಆಗುವ ಓಡಾಟ, ಅಷ್ಟೇ. ಆದರೆ ಆ ಮೊಹರಿಗೆ ಒಂದು ಲೆಕ್ಕಾಚಾರ ಇದೆ. ಅದು ತಿಳಿದರೆ ಮೊಹೆಂಜೊದಾರೊದಿಂದ ಸ್ಮಾರ್ಟ್ ಸಿಟಿವರೆಗಿನ ಕಥೆಯ ಮುಕ್ಕಾಲು ಪಾಲು ತಿಳಿದಂತೆ.

ಒಂದು ಎಕರೆ ಹೊಲ ತಗೊಳ್ಳಿ. 40 ಗುಂಟೆ, ಅಂದರೆ 43,560 ಚದರಡಿ. ಮೂವತ್ತು-ನಲವತ್ತರ ಸೈಟು 1,200 ಚದರಡಿ. ಬರೀ ಭಾಗಿಸಿದರೆ 36 ಸೈಟು ಬರುತ್ತವೆ. ಆದರೆ ಸೈಟಿಗೆ ಹೋಗಲು ದಾರಿ ಬೇಕಲ್ಲ. ಅಪ್ರೂವಲ್ ಗೋಜಿಗೆ ಹೋಗದವರು ಹದಿನೈದು ಅಡಿಯ ದಾರಿ ಬಿಟ್ಟು, ಚರಂಡಿಯನ್ನು ದೇವರಿಗೆ ಬಿಟ್ಟು, 28-30 ಸೈಟು ಕತ್ತರಿಸುತ್ತಾರೆ. ಕಾಯ್ದೆ ಪ್ರಕಾರ ಮಾಡುವವರು ಅಗಲವಾದ ರಸ್ತೆ ಬಿಡಬೇಕು, ಪಾರ್ಕಿಗೆ ಜಾಗ ಬಿಡಬೇಕು, ಶಾಲೆಗೋ ಆಸ್ಪತ್ರೆಗೋ ಅಂತ ಸಿಎ, ಅಂದರೆ ನಾಗರಿಕ ಸೌಲಭ್ಯದ ಸೈಟು ಬಿಡಬೇಕು. ಇದೆಲ್ಲ ಕಳೆದು ಮಾರಲು ಸಿಗುವುದು ನೂರಕ್ಕೆ 55 ಪಾಲು ಅಂತಿಟ್ಟುಕೊಂಡರೆ ಸೈಟು ಇಪ್ಪತ್ತಕ್ಕೆ ಬಂದು ನಿಲ್ಲುತ್ತದೆ.

ಆ ಎಂಟು-ಹತ್ತು ಸೈಟಿನ ವ್ಯತ್ಯಾಸವೇ ನಗರ ಯೋಜನೆಯ ಅಸಲಿ ಜಗಳ. ಎಲ್ಲರಿಗೂ ಬೇಕಾದ, ಯಾರೊಬ್ಬರೂ ಕೈಯಿಂದ ಬಿಡಲು ಒಪ್ಪದ ಜಾಗವನ್ನು ಮಾರಾಟಕ್ಕೂ ಮುಂಚೆ ತೆಗೆದಿಡುವುದು, ಅದರ ಖರ್ಚು ಯಾರ ತಲೆಗೆ ಅಂತ ತೀರ್ಮಾನಿಸುವುದು: ಇದೇ ಈ ವಿದ್ಯೆಯ ಹೊಟ್ಟೆಯೊಳಗಿನ ವಿಷಯ. ಚೆಂದದ ಕಟ್ಟಡ, ಫೌಂಟನ್, ಸೆಲ್ಫಿ ಪಾಯಿಂಟ್ ಎಲ್ಲ ಆಮೇಲಿನ ಮಾತು. ಮನೆಯನ್ನು ಮೂವತ್ತು ವರ್ಷಕ್ಕೊಮ್ಮೆ ಕೆಡವಿ ಕಟ್ಟುತ್ತೇವೆ. ರಸ್ತೆ ಎಲ್ಲಿ ಹೋಗಬೇಕು, ನೀರು ಯಾವ ಕಡೆ ಹರಿಯಬೇಕು ಅನ್ನುವುದನ್ನು ಒಮ್ಮೆ ನಿರ್ಧರಿಸಿದರೆ ನೂರಾರು ವರ್ಷ ಅದೇ ಉಳಿಯುತ್ತದೆ.

ನೀರಿನ ದಾರಿ ಮೊದಲು

ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಮೊಹೆಂಜೊದಾರೊದಲ್ಲಿ ನೇರ ಬೀದಿಗಳಿದ್ದವು, ಮನೆಯ ಬಚ್ಚಲ ನೀರು ಬೀದಿಯ ಇಟ್ಟಿಗೆ ಚರಂಡಿಗೆ ಸೇರುತ್ತಿತ್ತು. ಮನೆ ಕಟ್ಟಿದ ಮೇಲೆ ಬೀದಿ ಅಗೆದು ಇಂಥದ್ದನ್ನು ಮಾಡಲಾಗದು, ಮೊದಲೇ ಗುರುತು ಹಾಕಿರಬೇಕು. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಹಿಪ್ಪೊಡೇಮಸ್‌ನ ಹೆಸರು ಚದುರಂಗದ ಮನೆಗಳಂಥ ಬೀದಿ ವಿನ್ಯಾಸಕ್ಕೆ ಅಂಟಿಕೊಂಡಿದೆ. ಆದರೆ ಆ ವಿನ್ಯಾಸ ಅವನಿಗಿಂತ ಎಷ್ಟೋ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಕೋಟೆಯೂರಿಗೆ ಪೂರ್ವ-ಪಶ್ಚಿಮವಾಗಿ ಮೂರು, ಉತ್ತರ-ದಕ್ಷಿಣವಾಗಿ ಮೂರು ರಾಜಮಾರ್ಗ, ಹನ್ನೆರಡು ಬಾಗಿಲು ಅಂತ ಹೇಳುತ್ತದೆ. ಅದೇ ಉಸಿರಿನಲ್ಲಿ ಯಾವ ದಿಕ್ಕಿನಲ್ಲಿ ಯಾವ ವರ್ಣದವರು ಇರಬೇಕು ಅಂತಲೂ ಹೇಳುತ್ತದೆ. ನಮ್ಮ ಹಳ್ಳಿಗಳ ಕೇರಿಗಳನ್ನು ನೋಡಿದವರಿಗೆ ಇದು ಹೊಸ ಸುದ್ದಿಯಲ್ಲ. ನಕ್ಷೆಯ ಮೇಲೆ ಗೆರೆ ಎಳೆಯುವ ಕೆಲಸ ಯಾವ ಕಾಲದಲ್ಲೂ ಪೂರಾ ತಾಂತ್ರಿಕವಾಗಿರಲಿಲ್ಲ. ಯಾರು ಒಳಗೆ, ಯಾರು ಊರ ಹೊರಗೆ ಅನ್ನುವ ತೀರ್ಮಾನ ಅದರೊಳಗೇ ಇತ್ತು.

ಇಷ್ಟು ದೂರ ಹೋಗುವುದೂ ಬೇಡ, ಚಿತ್ರದುರ್ಗಕ್ಕೆ ಹೋದರೆ ಸಾಕು. ಏಳು ಸುತ್ತಿನ ಕೋಟೆ ನೋಡಲು ಬಂದವರು ಒನಕೆ ಓಬವ್ವನ ಕಿಂಡಿ, ಬತೇರಿ, ಬುರುಜು ನೋಡಿ ಇಳಿದುಬಿಡುತ್ತಾರೆ. ಯೋಜನೆಯ ಕಣ್ಣಿನಲ್ಲಿ ನೋಡುವುದಾದರೆ ಅಲ್ಲಿನ ಹೊಂಡಗಳನ್ನು ನೋಡಬೇಕು. ಮಳೆ ಕಮ್ಮಿ ಬೀಳುವ ಸೀಮೆ, ಸುತ್ತ ಬರೀ ಬಂಡೆ. ಬಂಡೆಯ ಮೇಲೆ ಬಿದ್ದ ನೀರು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಇಳಿದು, ಅದು ತುಂಬಿ ಕೋಡಿ ಬಿದ್ದರೆ ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿಜಾರು ಹಿಡಿದು ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಪಾಳೆಯಗಾರರ ಕಾಲದವರು ನಕ್ಷೆ ಬರೆದರೋ ಇಲ್ಲವೋ, ಇಳಿಜಾರು ಓದುವುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಈಗಿನ ನಗರಗಳು ಮೊದಲು ಮರೆಯುವುದೂ ಅದನ್ನೇ. ಕೆರೆಯಿಂದ ಕೆರೆಗೆ ನೀರು ಹೋಗುತ್ತಿದ್ದ ಹಳ್ಳದ ಮೇಲೆ ಸೈಟು ಹಾಕಿ, ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿತು ಅಂತ ಬೊಬ್ಬೆ ಹಾಕುತ್ತೇವೆ. ನೀರು ನುಗ್ಗಿದ್ದಲ್ಲ, ಅದರ ಹಾದಿಯಲ್ಲಿ ಅದು ಬಂದದ್ದು.

ರೋಗ ಬಂದ ಮೇಲೆ ಬಂದ ಬುದ್ಧಿ

ಈಗ ನಾವು ಕಾಣುವ ನಗರ ಯೋಜನೆ, ಅಂದರೆ ಕಾಯ್ದೆ, ಇಲಾಖೆ, ಪರವಾನಗಿ ಇರುವ ಈ ವ್ಯವಸ್ಥೆ, ಹುಟ್ಟಿದ್ದು ವಾಂತಿಭೇದಿಯಿಂದ. 19ನೇ ಶತಮಾನದಲ್ಲಿ ಕಾರ್ಖಾನೆಗಳು ಬಂದು ಯುರೋಪಿನ ಊರುಗಳು ಊದಿಕೊಂಡವು. ಕುಡಿಯುವ ನೀರಿಗೂ ಕಕ್ಕಸಿನ ನೀರಿಗೂ ನಡುವೆ ಗೋಡೆಯೇ ಇಲ್ಲದ ಸ್ಥಿತಿ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದು ನೂರಾರು ಜನ ಸತ್ತಾಗ ಜಾನ್ ಸ್ನೋ ಎಂಬ ವೈದ್ಯರು ಸಾವುಗಳನ್ನು ನಕ್ಷೆಯ ಮೇಲೆ ಗುರುತು ಹಾಕಿದರು. ಗುರುತುಗಳು ಹೆಚ್ಚಾಗಿ ಒಂದು ಬಾವಿಯ ಕೈಪಂಪಿನ ಸುತ್ತ ಒಟ್ಟಾಗಿದ್ದವು. ಪಂಪಿನ ಹಿಡಿಕೆಯನ್ನೇ ಕಳಚಲಾಯಿತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಒಳಕ್ಕೇ ಹೊಕ್ಕಿತು. ಆಮೇಲೆ ದುಡ್ಡು ಬೇಗ ಮಂಜೂರಾಯಿತು, ಜೋಸೆಫ್ ಬಜಾಲ್ಜೆಟ್ ಎಂಬ ಇಂಜಿನಿಯರ್ ಊರಡಿ ಒಳಚರಂಡಿ ಜಾಲ ಕಟ್ಟಿದರು. ಮೂಗಿಗೆ ಬಡಿಯುವವರೆಗೆ ಫೈಲು ಕದಲದಿರುವುದು ನಮ್ಮ ದೇಶದ್ದೇ ವಿಶೇಷವೇನಲ್ಲ.

ಪ್ಯಾರಿಸ್‌ನಲ್ಲಿ ಹೌಸ್‌ಮನ್ ಎಂಬ ಆಡಳಿತಾಧಿಕಾರಿ 1853ರಿಂದ ಹಳೇ ಓಣಿಗಳನ್ನು ಸೀಳಿ ಅಗಲ ರಸ್ತೆ ಮಾಡಿಸಿದ. ಊರು ಚೆಂದವಾಯಿತು, ಓಣಿಯ ಬಡವರು ಅಂಚಿಗೆ ಹೋದರು. ನನಗೆ ಅದಕ್ಕಿಂತ ಬಾರ್ಸಿಲೋನಾದ ಕಥೆ ಹೆಚ್ಚು ಕಲಿಸುತ್ತದೆ ಅನಿಸುತ್ತದೆ. 1859ರಲ್ಲಿ ಒಪ್ಪಿಗೆಯಾದ, ಇಂಜಿನಿಯರ್ ಇಲ್ಡೆಫಾನ್ಸ್ ಸೆರ್ಡಾನ ಯೋಜನೆಯಲ್ಲಿ ಒಂದೊಂದು ಚೌಕ ಸುಮಾರು 113 ಮೀಟರ್. ರಸ್ತೆಗಳು ಸಾಮಾನ್ಯವಾಗಿ 20 ಮೀಟರ್ ಅಗಲ. ಚೌಕದ ನಾಲ್ಕೂ ಮೂಲೆಗಳನ್ನು ಓರೆಯಾಗಿ ಕತ್ತರಿಸಿದ್ದರಿಂದ ಪ್ರತಿ ಸರ್ಕಲ್ಲಿನಲ್ಲೂ ತಿರುಗಲು, ಎದುರಿನ ಗಾಡಿ ಕಾಣಲು ಜಾಗ. ದಾವಣಗೆರೆಯ ಹಳೇ ಪೇಟೆಯ ತಿರುವಿನಲ್ಲಿ ಲಗೇಜ್ ಆಟೋ ಎದುರಿಗೆ ಬೈಕು ಹಿಡಿದು ನಿಂತವರಿಗೆ ಆ ಓರೆ ಮೂಲೆಯ ಬೆಲೆ ಗೊತ್ತು. ಸೆರ್ಡಾ ಚೌಕದ ಎರಡು ಬದಿಗಷ್ಟೇ ಕಟ್ಟಡ, ನಡುವೆ ತೋಟ ಅಂತ ಲೆಕ್ಕ ಹಾಕಿದ್ದ. ಮನೆಗೆ ಗಾಳಿ ಬೆಳಕು ಬರಲಿ ಅಂತ. ಆದದ್ದೇನು? ಜಾಗದ ಮಾಲೀಕರು ನಾಲ್ಕೂ ಬದಿ ಕಟ್ಟಿದರು, ಎತ್ತರ ಏರಿಸಿದರು, ತೋಟದ ಬಹುಪಾಲು ನುಂಗಿದರು. ರಸ್ತೆ ಮಾತ್ರ ಉಳಿಯಿತು. ನಮ್ಮ ಬಡಾವಣೆಗಳಲ್ಲಿ ಪಾರ್ಕಿನ ಜಾಗಕ್ಕೆ ಏನಾಗುತ್ತದೋ ಅಲ್ಲೂ ಅದೇ ಆಯಿತು.

ಇಂಗ್ಲೆಂಡಿನ ಎಬೆನೆಜರ್ ಹೋವರ್ಡ್ 1898ರಲ್ಲಿ ಕೇಳಿದ್ದು ಇನ್ನೂ ಬುಡದ ಪ್ರಶ್ನೆ. ಹೊಲ ಊರಾದರೆ ಬೆಲೆ ಹತ್ತಾರು ಪಟ್ಟು ಏರುತ್ತದೆ. ಏರಿಸಿದ್ದು ರಸ್ತೆ, ನೀರು, ಜನ. ಹಾಗಿದ್ದರೆ ಆ ಲಾಭ ಯಾರಿಗೆ? ಜಮೀನು ಊರಿನ ಒಟ್ಟು ಆಸ್ತಿಯಾಗಿರಲಿ, ಬಾಡಿಗೆಯ ಏರಿಕೆ ಊರಿನ ಖರ್ಚಿಗೇ ಬರಲಿ, 32 ಸಾವಿರ ಜನಕ್ಕೆ ಒಂದು ಊರು ಸಾಕು, ಸುತ್ತ ಹೊಲ ಉಳಿಯಲಿ ಅಂದ. 1903ರಲ್ಲಿ ಲೆಚ್‌ವರ್ತ್ ಎಂಬ ಊರು ಕಟ್ಟಲು ಶುರುಮಾಡಿ ತೋರಿಸಿದ್ದೂ ಉಂಟು. ಜಗತ್ತು ಅವನಿಂದ ಎತ್ತಿಕೊಂಡದ್ದು 'ಗಾರ್ಡನ್ ಸಿಟಿ' ಅನ್ನುವ ಹೆಸರನ್ನು, ಮರಗಿಡಗಳನ್ನು. ಲಾಭ ಹಂಚುವ ಲೆಕ್ಕವನ್ನು ಅಲ್ಲೇ ಬಿಟ್ಟಿತು. ರಿಂಗ್ ರೋಡು ಬರುತ್ತದೆ ಅನ್ನುವ ಸುದ್ದಿ ಯಾರ ಕಿವಿಗೆ ಮೊದಲು ಬೀಳುತ್ತದೆ, ಅವರು ಆ ವಾರ ಏನು ಕೊಳ್ಳುತ್ತಾರೆ ಅನ್ನುವುದು ನಮ್ಮೂರಿನಲ್ಲಿ ಹೇಳಬೇಕಾದ ವಿಷಯವೇನಲ್ಲ.

ನಮ್ಮ ಕಡೆ ಈ ಬುದ್ಧಿ ತಂದದ್ದು ಪ್ಲೇಗು. 1896ರಲ್ಲಿ ಮುಂಬೈಗೆ, 1898ರಲ್ಲಿ ಬೆಂಗಳೂರಿಗೆ ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ಕರೆತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು: ನೇರ ರಸ್ತೆ, ಗಾಳಿ ಆಡುವ ಮನೆ, ಹಿಂದೆ ಕಸ-ಕಕ್ಕಸು ತೆಗೆಯಲು ಗಲ್ಲಿ. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು. ಈಗಿನ ದೂಡಾಕ್ಕೆಲ್ಲ ಅದು ಹಿರಿಯಣ್ಣ.

ಆ ಕಾಲದ ಒಬ್ಬರನ್ನು ಇಲ್ಲಿ ಬಿಡುವಂತಿಲ್ಲ, ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. ಮೂಲತಃ ಜೀವಶಾಸ್ತ್ರದವರು. 1914ರಲ್ಲಿ ಭಾರತಕ್ಕೆ ಬಂದು ಊರೂರು ತಿರುಗಿ ವರದಿ ಬರೆದರು. ಹಳೇ ಓಣಿ ಕಂಡರೆ ಕೆಡವು ಅನ್ನುತ್ತಿದ್ದ ಇಂಜಿನಿಯರ್‌ಗಳ ನಡುವೆ ಅವರದು ಬೇರೆಯೇ ದಾರಿ. ಮೊದಲು ನಡೆದಾಡಿ ಊರನ್ನು ತಿಳಿದುಕೊಳ್ಳಿ. ಆಮೇಲೆ ಬಿದ್ದುಹೋದ ನಾಲ್ಕು ಮನೆ ತೆಗೆದು ಒಂದು ಸಣ್ಣ ಬಯಲು ಮಾಡಿ, ಬಾವಿಯನ್ನೂ ಆಲದ ಮರವನ್ನೂ ಉಳಿಸಿ, ಮಿಕ್ಕಿದ್ದನ್ನು ಮುಟ್ಟಬೇಡಿ. ಸೊಳ್ಳೆ ಅಂತ ಕೆರೆ ಮುಚ್ಚಲು ಹೊರಟವರಿಗೆ, ಕೆರೆ ಊರನ್ನು ತಂಪಿಡುತ್ತದೆ, ಮೀನು-ಬಾತು ಬಿಟ್ಟರೆ ಸೊಳ್ಳೆಮರಿ ತಿನ್ನುತ್ತವೆ ಅಂದರು. ಇಂದೋರಿನಲ್ಲಿ ಪ್ಲೇಗಿನ ಭಯವಿದ್ದಾಗ ಒಂದು ದಿನದ ಮಟ್ಟಿಗೆ ಮಹಾರಾಜನಾಗುವ ಅವಕಾಶ ಪಡೆದು, ಈ ಸಲದ ದೀಪಾವಳಿ ಮೆರವಣಿಗೆ ಎಂದಿನ ದಾರಿಯಲ್ಲಿ ಬರುವುದಿಲ್ಲ, ಯಾವ ಓಣಿ ಹೆಚ್ಚು ಚೊಕ್ಕಟವಾಗಿದೆಯೋ ಆ ಓಣಿಯಲ್ಲಿ ಬರುತ್ತದೆ ಅಂತ ಸಾರಿಸಿದರು. ಇಡೀ ಊರು ಪೊರಕೆ ಹಿಡಿಯಿತು. ಮೆರವಣಿಗೆಯಲ್ಲಿ ಇಲಿಯ ದೊಡ್ಡ ಪ್ರತಿಕೃತಿ ತಂದು ಸುಟ್ಟರು. ದುಗ್ಗಮ್ಮನ ಜಾತ್ರೆ ಬಂತೆಂದರೆ ಓಣಿಗೆ ಓಣಿಯೇ ಬಳಿದು ಸಾರಿಸಿಕೊಳ್ಳುವುದನ್ನು ಕಂಡ ದಾವಣಗೆರೆಯವರಿಗೆ ಗೆಡ್ಡಿಸ್ ಹಿಡಿದ ನಾಡಿ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ.

ಬಣ್ಣದ ನಕ್ಷೆ ಮತ್ತು ಮಂಡಕ್ಕಿ ಭಟ್ಟಿ

ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ನಕ್ಷೆ ಬಿಡಿಸಿದರೆ ಊರು ಬಣ್ಣಬಣ್ಣವಾಗಿ ಕಾಣುತ್ತದೆ. ಹಳದಿ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ-ಕಚೇರಿ-ಆಸ್ಪತ್ರೆಗೆ, ಹಸಿರು ಪಾರ್ಕಿಗೆ. ಯಾವ ಜಾಗದಲ್ಲಿ ಏನು ಮಾಡಬಹುದು ಅಂತ ಹೀಗೆ ವಿಂಗಡಿಸುವುದಕ್ಕೆ ಜೋನಿಂಗ್ ಅನ್ನುತ್ತಾರೆ. 1916ರಲ್ಲಿ ನ್ಯೂಯಾರ್ಕ್ ನಗರ ಇಡೀ ಊರಿಗೆ ಇಂಥ ನಿಯಮ ತಂದ ಮೇಲೆ ಜಗತ್ತಿಗೆಲ್ಲ ಹಬ್ಬಿತು. ಉದ್ದೇಶ ಸರಳ: ಮನೆಯ ಪಕ್ಕ ಚರ್ಮ ಹದ ಮಾಡುವ ಕಾರ್ಖಾನೆ ಬರಬಾರದು.

ದಾವಣಗೆರೆಗೆ ಬಂದಾಗ ಇದು ಅಷ್ಟು ಸರಳವಾಗಿ ಉಳಿಯುವುದಿಲ್ಲ. ಹಳೇ ಊರಿನ ಕಡೆ ಮಂಡಕ್ಕಿ ಭಟ್ಟಿಗಳ ಸಾಲೇ ಇದೆ. ಊರಿನ ಗಿರ್ಮಿಟ್ಟು, ಒಗ್ಗರಣೆ ಮಂಡಕ್ಕಿ, ಮಿರ್ಚಿ ಜೊತೆಗಿನ ಮಂಡಕ್ಕಿ ಎಲ್ಲಕ್ಕೂ ಮೂಲ ಅಲ್ಲಿನ ಬಿಸಿ ಮರಳಿನ ಬಾಣಲೆ. ಮನೆ, ಭಟ್ಟಿ, ಅಕ್ಕಿ ಒಣಗಿಸುವ ಅಂಗಳ ಒಂದಕ್ಕೊಂದು ಅಂಟಿಕೊಂಡಿವೆ. ಹೊಗೆಗೆ ಗೋಡೆ ಕಪ್ಪಾಗಿದೆ, ಮಕ್ಕಳಿಗೆ ಕೆಮ್ಮು. ನಕ್ಷೆಯ ಪ್ರಕಾರ ಭಟ್ಟಿಗೆ ನೇರಳೆ, ಮನೆಗೆ ಹಳದಿ, ಎರಡೂ ಬೇರೆಯಾಗಬೇಕು. ಭಟ್ಟಿಯನ್ನು ಊರಾಚೆಯ ಕೈಗಾರಿಕಾ ಪ್ರದೇಶಕ್ಕೆ ಕಳಿಸಿದರೆ ಹೊಗೆಯೇನೋ ಹೋಯಿತು. ಆದರೆ ಬೆಳಗಿನ ಜಾವ ಎದ್ದು ಭಟ್ಟಿಗೆ ಹೋಗಿ, ನಡುವೆ ಬಂದು ಮಕ್ಕಳಿಗೆ ಉಣ್ಣಲಿಕ್ಕಿಟ್ಟು ಮತ್ತೆ ಹೋಗುವ ಹೆಣ್ಣುಮಗಳಿಗೆ ಬಸ್ಸಿನ ಖರ್ಚು, ಎರಡು ತಾಸಿನ ದಾರಿ ಸೇರಿಕೊಂಡಿತು. ಅವಳ ಕೂಲಿ ಅಷ್ಟು ತಾಳುವುದಿಲ್ಲ. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ಜೋನಿಂಗನ್ನು ಬೈದದ್ದು ಸರಿಸುಮಾರು ಈ ಕಾರಣಕ್ಕೇ. ಅಂಗಡಿ, ಮನೆ, ಸಣ್ಣ ಉದ್ಯೋಗ ಬೆರೆತಿದ್ದರೆ ಬೀದಿಯಲ್ಲಿ ಹೊತ್ತು ಹೊತ್ತಿಗೆ ಜನ ಇರುತ್ತಾರೆ, ಜನ ಇದ್ದರೆ ಬೀದಿ ಸುರಕ್ಷಿತ ಅಂತ ಆಕೆಯ ವಾದ. ನನ್ನ ಅಭಿಪ್ರಾಯ ಕೇಳಿದರೆ, ಬಣ್ಣ ಹಚ್ಚುವ ಮುಂಚೆ ಒಲೆ ಬದಲಾಯಿಸಲು ಆಗುತ್ತದಾ ನೋಡಬೇಕು. ಉಪದ್ರವ ಕೊಡುವುದು ಹೊಗೆ, ಭಟ್ಟಿಯಲ್ಲ.

ಇನ್ನೊಂದು ಪದ ಎಫ್‌ಎಆರ್. ಸೈಟಿನ ಅಳತೆಗೆ ಎಷ್ಟು ಪಟ್ಟು ಒಟ್ಟು ಮಹಡಿ ಕಟ್ಟಬಹುದು ಅನ್ನುವ ಲೆಕ್ಕ. 1,200 ಚದರಡಿ ಸೈಟಿಗೆ 1.75 ಎಫ್‌ಎಆರ್ ಅಂದರೆ ಎಲ್ಲ ಮಹಡಿ ಸೇರಿ 2,100 ಚದರಡಿ. ನನ್ನ ದುಡ್ಡು, ನನ್ನ ಜಾಗ, ನಾಲ್ಕು ಅಂತಸ್ತು ಏರಿಸಿದರೆ ಇವರಿಗೇನು ಕಷ್ಟ ಅಂತ ಕೇಳುವವರಿದ್ದಾರೆ. ಕಷ್ಟ ನೆಲದ ಕೆಳಗೆ. ಯುಜಿಡಿ, ಅಂದರೆ ಒಳಚರಂಡಿ ಪೈಪಿನ ದಪ್ಪ, ನೀರಿನ ಟ್ಯಾಂಕಿನ ಗಾತ್ರ, ರಸ್ತೆಯ ಅಗಲ ಎಲ್ಲವನ್ನೂ ಬೀದಿಗೆ ಇಷ್ಟು ಜನ ಅಂತ ಲೆಕ್ಕ ಹಾಕಿ ಇಟ್ಟಿರುತ್ತಾರೆ. ವಿದ್ಯಾನಗರದಂಥ ಕಡೆ ಓದುವ ಹುಡುಗರಿಗೆ ಪಿಜಿ ಅಂತ ಒಂದೊಂದೇ ಮನೆ ಮೇಲೆದ್ದರೆ ಮೊದಲು ತಡವರಿಸುವುದು ಬೀದಿಯ ಕೊನೆಯ ಮ್ಯಾನ್‌ಹೋಲ್, ಆಮೇಲೆ ನಲ್ಲಿಯ ಒತ್ತಡ, ಆಮೇಲೆ ಬೈಕು ನಿಲ್ಲಿಸುವ ಜಾಗ. ಸೆಟ್‌ಬ್ಯಾಕ್ ಕೂಡ ಹಾಗೇ. ಗೋಡೆ ಸುತ್ತ ಬಿಡುವ ಮೂರಡಿ ನಿಮ್ಮ ಗಾಳಿಗಷ್ಟೇ ಅಲ್ಲ, ಪಕ್ಕದ ಮನೆಯವರ ಅಡುಗೆಮನೆಯ ಬೆಳಕಿಗೂ ಹೌದು.

ರೈಲು ಹಳಿ

ಹೈದರಾಲಿ ಕಾಲದಲ್ಲಿ ಆಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ದಾವಣಗೆರೆ ಜಹಗೀರಾಗಿ ಸಿಕ್ಕಿತು. ಆತ ವ್ಯಾಪಾರಿಗಳನ್ನು ಕರೆದು ನೆಲೆಸಲು ಉತ್ತೇಜನ ಕೊಟ್ಟ. ಮಂಡಿಪೇಟೆ, ಚೌಕಿಪೇಟೆ ಅನ್ನುವ ಹೆಸರುಗಳೇ ಊರಿನ ಕಸುಬನ್ನು ಹೇಳುತ್ತವೆ. ಎತ್ತಿನಗಾಡಿ, ತಲೆಹೊರೆಯ ಅಳತೆಗೆ ಬೀದಿಗಳಾದವು. 1880ರ ದಶಕದ ಕೊನೆಗೆ ಬೆಂಗಳೂರಿಂದ ಹರಿಹರದ ಕಡೆಗೆ ರೈಲು ಬಂತು. ಊರಿನ ಅಂಚಿನಲ್ಲಿ ಹಳಿ ಹಾದುಹೋಯಿತು. ಹತ್ತಿ, ಕಾಳು ಸಾಗಿಸಲು ಸಲೀಸಾಯಿತು, ಮುಂದೆ ಹತ್ತಿ ಮಿಲ್ಲುಗಳು ಬಂದು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತು. ಅದೇ ಹಳಿಯ ಆಚೆಗೆ ಪಿ.ಜೆ. ಬಡಾವಣೆ, ವಿದ್ಯಾನಗರ, ಹೊಸ ಹೊಸ ಬಡಾವಣೆಗಳು ಎದ್ದವು. ಅಂಚಿನಲ್ಲಿದ್ದ ಹಳಿ ಊರ ನಡುವಿಗೆ ಬಂದು ಕೂತಿತು.

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗಿನ ನೋಟ ನೆನೆಸಿಕೊಳ್ಳಿ. ಈ ಕಡೆ ಸ್ಕೂಟಿ, ಆ ಕಡೆ ಮೂಟೆ ಹೇರಿದ ಆಟೋ, ನಡುವೆ ಗೇಟಿನಡಿ ಬಗ್ಗಿ ಸೈಕಲ್ ದಾಟಿಸುವವರು. ಹಳಿ ಡಬಲ್ ಆಯಿತು, ಗಾಡಿ ಹೆಚ್ಚಿದವು, ಗೇಟು ಬೀಳುವುದೂ ಹೆಚ್ಚಿತು. ಸೇತುವೆ ಮಾಡಿ ಅನ್ನುವುದು ಹಳೇ ಬೇಡಿಕೆ. ಮೇಲ್ಸೇತುವೆಗೆ ಎರಡೂ ಬದಿ ಇಳಿಜಾರಿಗೆ ನೂರಾರು ಅಡಿ ಬೇಕು, ಆ ಉದ್ದಕ್ಕೂ ಅಂಗಡಿಗಳು. ಕೆಳಸೇತುವೆ ಮಾಡಿದರೆ ಮಳೆ ನೀರು ನಿಲ್ಲುತ್ತದೆ. ಹಳಿಯ ಆಚೆ ಮೊದಲ ಬಡಾವಣೆ ಹಾಕಿದಾಗಲೇ ಎರಡು-ಮೂರು ಕಡೆ ಅಗಲವಾದ ದಾಟು ಜಾಗ ಗುರುತಿಸಿ ಖಾಲಿ ಬಿಟ್ಟಿದ್ದರೆ ಖರ್ಚು ಹೊಲದ ಬೆಲೆಯಲ್ಲಿ ಮುಗಿಯುತ್ತಿತ್ತು. ಈಗ ಅದು ಪೇಟೆ ಅಂಗಡಿಯ ಬೆಲೆ, ಜೊತೆಗೆ ಕೋರ್ಟು. ಮೊದಲು ಹೇಳಿದ ಎಂಟು-ಹತ್ತು ಸೈಟಿನ ಲೆಕ್ಕವೇ ಇದೂ, ಊರಿನಷ್ಟು ದೊಡ್ಡದು.

ಕಾಯ್ದೆ ಏನು ಹೇಳುತ್ತದೆ

ರಾಜ್ಯದಲ್ಲಿ ಇದಕ್ಕೆಲ್ಲ ಬುನಾದಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ದೂಡಾದಂಥ ಪ್ರಾಧಿಕಾರಗಳಿಗೆ ಬಡಾವಣೆ ಮಾಡುವ ಅಧಿಕಾರ ಕೊಟ್ಟಿತು. 1992ರ ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯನ್ನು ನಗರಸಭೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆಯಿತು. ಬರೆದದ್ದು ಹಾಗೆ, ನಡೆಯುವುದು ಬೇರೆ. ನೀವು ಓಟು ಹಾಕಿ ಆರಿಸಿದ ಕಾರ್ಪೊರೇಟರ್ ಕಸ, ಬೀದಿದೀಪ, ನಲ್ಲಿ ನೋಡುತ್ತಾರೆ. ಊರು ಯಾವ ದಿಕ್ಕಿಗೆ ಬೆಳೆಯಬೇಕು ಅಂತ ನಕ್ಷೆ ಬರೆಯುವುದು ಸರ್ಕಾರ ನೇಮಿಸಿದ ಅಧ್ಯಕ್ಷರಿರುವ ಪ್ರಾಧಿಕಾರ. ರಸ್ತೆ ಕೆಟ್ಟರೆ ಪಾಲಿಕೆಗೆ ಬೈಯುತ್ತೇವೆ, ಆ ರಸ್ತೆಯನ್ನು ಅಷ್ಟು ಕಿರಿದು ಮಾಡಿದವರು ಬೇರೆ ಕಟ್ಟಡದಲ್ಲಿರುತ್ತಾರೆ.

2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ನಾಲ್ಕು ಲಕ್ಷ ಮೂವತ್ತೈದು ಸಾವಿರದ ಆಸುಪಾಸು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿಯಲ್ಲಿ ದಾವಣಗೆರೆ ಬಂತು. ಕೇಂದ್ರದ 500 ಕೋಟಿ, ರಾಜ್ಯದ್ದು ಅಷ್ಟೇ ಅನ್ನುವುದು ಯೋಜನೆಯ ಅಂದಾಜಾಗಿತ್ತು. ಕಾಂಕ್ರೀಟ್ ರಸ್ತೆ ಬಂದವು, ಕ್ಯಾಮೆರಾ ಬಂದವು. ಅದು ಕಾಮಗಾರಿ, ಯೋಜನೆಯಲ್ಲ. ಇಪ್ಪತ್ತಡಿ ಬೀದಿಗೆ ಕಾಂಕ್ರೀಟ್ ಹಾಕಿದರೆ ಇಪ್ಪತ್ತಡಿಯ ಕಾಂಕ್ರೀಟ್ ಬೀದಿಯಾಗುತ್ತದೆ.

ರೆವಿನ್ಯೂ ಬಡಾವಣೆಗಳ ಗೋಳು ಇನ್ನೊಂದು. ಅಲ್ಲಿ ಕೊಂಡವರು ಕಳ್ಳರಲ್ಲ, ದೂಡಾ ಸೈಟಿನ ಬೆಲೆ ಎಟುಕದವರು. ಅಕ್ರಮ-ಸಕ್ರಮ ಅಂತ ಸರ್ಕಾರ ತಂದ ದಾರಿಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ದಂಡ ಕಟ್ಟಿಸಿಕೊಂಡು ಖಾತೆ ಕೊಡಬಹುದು, ಆದರೆ ಹದಿನೈದು ಅಡಿ ಓಣಿಯೊಳಗೆ ಫೈರ್ ಎಂಜಿನ್ ನುಗ್ಗಿಸಲು ಯಾವ ಖಾತೆಗೂ ಆಗುವುದಿಲ್ಲ. ಕಡಿಮೆ ಬೆಲೆಗೆ ಕಾಯ್ದೆಬದ್ಧ ಸೈಟು ಸಾಕಷ್ಟು ಸಿಗದಿರುವವರೆಗೆ ಈ ಬಡಾವಣೆಗಳು ಹುಟ್ಟುತ್ತಲೇ ಇರುತ್ತವೆ.

ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅನ್ನುತ್ತದೆ ಕಾಯ್ದೆ. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ. ಆ ಹೊತ್ತಿಗೆ ಪ್ರಾಧಿಕಾರದ ಕಚೇರಿಗೆ ಹೋದರೆ ನಿಮ್ಮ ಸರ್ವೆ ನಂಬರಿಗೆ ಯಾವ ಬಣ್ಣ ಬಿದ್ದಿದೆ, ನಿಮ್ಮ ಹೊಲದ ಮೇಲೆ ರಸ್ತೆ ಬಂದಿದೆಯಾ, ಊರ ಕೆರೆಯ ಹಳ್ಳವನ್ನು ಹಳ್ಳವೆಂದೇ ತೋರಿಸಿದ್ದಾರಾ ಅಂತ ನೋಡಬಹುದು. ಆಕ್ಷೇಪಣೆಯಲ್ಲಿ "ಇದು ಅನ್ಯಾಯ" ಅಂತ ಬರೆದರೆ ಒಂದು ಸಾಲಿನಲ್ಲಿ ತಿರಸ್ಕರಿಸುತ್ತಾರೆ. ಸರ್ವೆ ನಂಬರು, ಹಳೇ ಗ್ರಾಮ ನಕಾಶೆಯ ಪ್ರತಿ, ಬದಲಿ ಏನು ಅನ್ನುವುದನ್ನು ಲಗತ್ತಿಸಿದರೆ ಉತ್ತರ ಕೊಡಬೇಕಾಗುತ್ತದೆ. ಈಗಾಗಲೇ ಬಡಾವಣೆಯಲ್ಲಿ ಮನೆ ಇರುವವರು ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಗೆ ಅರ್ಜಿ ಹಾಕಬಹುದು. ಕೊಡದಿದ್ದರೆ ಮಾಹಿತಿ ಹಕ್ಕು ಇದೆ. ಅದರಲ್ಲಿ ಪಾರ್ಕ್ ಅಂತ ಬರೆದ ಜಾಗದಲ್ಲಿ ಈಗ ಶೆಡ್ಡೋ ಸಮುದಾಯ ಭವನವೋ ಎದ್ದಿದ್ದರೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯನ್ನು ಉಲ್ಲೇಖಿಸಿ ಪಾಲಿಕೆ ಆಯುಕ್ತರಿಗೆ ಬರೆಯಬೇಕು. ನಿವಾಸಿಗಳ ಸಂಘದ ಹೆಸರಿನಲ್ಲಿ ಬರೆದು, ಟಪಾಲು ವಿಭಾಗದಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.